ನಾಲ್ಕು ನಿಮಿಷದ ಸೈಕಲ್ಲು

ಮನೆಯಿಂದ,
ಜನವರಿ 17, ಭಾನುವಾರ ಮಧ್ಯಾಹ್ನ

ಪ್ರೀತಿಯ ಗಾಳಿಪಂಡಿತರಿಗೆ,

ಬೀದಿಯವರು ನಿಮಗಿಟ್ಟ ಹೆಸರಿನಿಂದಲೇ ಕರೆದಿದ್ದೇನೆ, ಬೇಜಾರಾದರೆ ಆಗಲಿ. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಸೇತುವೆಯ ಮೇಲೆ ನಿಂತು ವೆಲ್ಡಿಂಗ್ ಮಾಡುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ, ಇಲ್ಲ ಅಲ್ಲೂ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಬೆರಳು ಒದ್ದೆ ಮಾಡಿ ನೋಡುತ್ತಾ ನಿಲ್ಲುತ್ತೀರೋ? ಅತ್ತೆ ಚೆನ್ನಾಗಿದ್ದಾರೆ. ಸೊಂಟ ನೋವು ಇದೆ, ಬಾಯಿ ಗಟ್ಟಿಯಾಗಿದೆ. ನಾನೂ ಚೆನ್ನಾಗಿದ್ದೇನೆ, ಬಲ ಮಂಡಿಯೊಂದನ್ನು ಬಿಟ್ಟು. ಕೇಳಬೇಕಾದದ್ದು ಕೇಳಿದ್ದಾಯಿತು, ಹೇಳಬೇಕಾದದ್ದು ಹೇಳಿದ್ದಾಯಿತು. ಇನ್ನು ಬೈಯುತ್ತೇನೆ.

ನಿಮ್ಮ ಪತ್ರ ಬುಧವಾರ ಬಂತು. ನಾಲ್ಕು ಪುಟ. ನಾಲ್ಕೂ ಸೈಕಲ್ಲಿನ ವಿಷಯ! ಹ್ಯಾಂಡಲ್ ಇನ್ನೊಂದು ಇಂಚು ಇಳಿಸು, ಬೆಲ್ ತೆಗೆದುಬಿಡು, ಮೊಣಕೈ ಮೈಗೆ ಒತ್ತಿಕೋ, ಸೆರಗು ಹಾರಬಾರದು. ಚಿತ್ರ ಬೇರೆ ಬರೆದಿದ್ದೀರಿ, ಗಾಳಿಗೆ ಬಾಣದ ಗುರುತು ಹಾಕಿ. ಆ ಚಿತ್ರದಲ್ಲಿ ನನಗೆ ಮುಖವೇ ಇಲ್ಲ. ಕೊನೆಯ ಪುಟದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡಲಾಗಿ, ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಒಂದು ಮಾತು: ‘ಇನ್ನೂ ಆರು ತಿಂಗಳು ಇರು ಅಂತಿದ್ದಾರೆ, ಸಹಿ ಹಾಕೋಣ ಅಂತ ಇದ್ದೀನಿ.’ ಆ ವಿಷಯವನ್ನು ಈಗ ಎತ್ತುವುದಿಲ್ಲ. ಎತ್ತಿದರೆ ಕಾಗದ ಹರಿದುಹೋದೀತು. ಮೊದಲು ಸೈಕಲ್ಲಿನ ಜಗಳ ಮುಗಿಯಲಿ.

ನಿಮಗೆ ನೆನಪಿದೆಯೇ, ಈ ಸೈಕಲ್ಲನ್ನು ನೀವು ಪರೀಕ್ಷೆ ಮಾಡಿದ್ದು ಏಪ್ರಿಲ್ ತಿಂಗಳಲ್ಲಿ. ಅತ್ತೆಯ ಕೆಂಪು ಉಣ್ಣೆದಾರವನ್ನು ತುಂಡು ತುಂಡು ಮಾಡಿ ನನ್ನ ತೋಳಿಗೆ, ಬೆನ್ನಿಗೆ, ಸೀಟಿಗೆ ಕಟ್ಟಿ, ಕಾಲುವೆ ದಂಡೆಯ ಮೇಲೆ ಇಪ್ಪತ್ತು ದಿನ ಹೋಗು ಬಾ, ಹೋಗು ಬಾ ಎಂದು ಓಡಿಸಿದಿರಿ. ನೀವು ತಿರುವಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು, ಯಾವ ದಾರ ನೆಟ್ಟಗೆ ಹಾರುತ್ತದೆ, ಯಾವುದು ಸುತ್ತಿಕೊಳ್ಳುತ್ತದೆ ಎಂದು ಬರೆದುಕೊಳ್ಳುತ್ತಿದ್ದಿರಿ. ಮಕ್ಕಳೆಲ್ಲ ಸಾಲಾಗಿ ಕೂತು ನಗುತ್ತಿದ್ದವು. ಆಮೇಲೆ ಮಡ್‌ಗಾರ್ಡ್ ಹೋಯಿತು, ಚೈನ್‌ಕವರ್ ಹೋಯಿತು, ಹ್ಯಾಂಡಲ್ ಕೆಳಗಿಳಿಯಿತು. ಮುಂದೆ ಬಾಗಿದ ಪ್ಲಾಸ್ಟಿಕ್ ಹಾಳೆ ಬಂತು, ಹಿಂದೆ ಮೀನಿನ ಬಾಲದ ಹಾಗೆ ತಗಡು ಬಂತು. ಕೈಗಡಿಯಾರದ ವರ್ಕ್‌ಶಾಪಿಗೆ ನನ್ನ ಮೂವತ್ತಮೂರು ನಿಮಿಷದ ದಾರಿ ಇಪ್ಪತ್ತೊಂಬತ್ತಕ್ಕೆ ಇಳಿಯಿತೆಂದು ಇಡೀ ಬೀದಿಗೆ ಚಹಾ ಕುಡಿಸಿದಿರಿ. ಬೆರಳಿಗೆ ಗಾಳಿ ಚೆನ್ನಾಗಿ ಬಡಿಯುತ್ತದೆ, ತಂಪಾಗಿದೆ ಎಂದು ನಾನೇ ಹೇಳಿದೆ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಿರಿ, ಅದೂ ಒಂದು ಗೆಲುವು ಅನ್ನುವ ಹಾಗೆ. ಹೋಗುವಾಗ ಮಾತು ಬೇರೆ ತೆಗೆದುಕೊಂಡಿರಿ, ನಾನು ಬರೋವರೆಗೂ ಒಂದು ನಟ್ಟನ್ನೂ ಮುಟ್ಟಬೇಡ ಅಂತ. ನಾನೂ ಒಬ್ಬಳು ಪೆದ್ದಿ, ಹೂಂ ಅಂದೆ.

ರೀ, ಏಪ್ರಿಲ್‌ನಲ್ಲಿ ತಂಪಾದದ್ದು ಜನವರಿಯಲ್ಲಿ ಏನಾಗುತ್ತದೆಂದು ಒಂದು ಸಲವಾದರೂ ಯೋಚಿಸಿದಿರಾ? ನಿಮ್ಮ ಪ್ಲಾಸ್ಟಿಕ್ ಹಾಳೆ ನನ್ನ ಎದೆಗೆ ಬೀಳಬೇಕಾದ ಗಾಳಿಯನ್ನೆಲ್ಲ ಬಾಚಿ, ಎರಡೂ ಅಂಚಿನಿಂದ ನೇರವಾಗಿ ನನ್ನ ಹತ್ತು ಬೆರಳ ಮೇಲೆ ಸುರಿಯುತ್ತದೆ. ಎದೆ ಬೆಚ್ಚಗೆ, ಕೈ ಕಟ್ಟಿಗೆ. ಡಿಸೆಂಬರಿನಲ್ಲಿ ಬರೆದು ತಿಳಿಸಿದರೆ ಕೈಗವಸು ಒಂದರ ಮೇಲೊಂದು ಹಾಕು ಎಂದಿರಿ. ಹಾಕಿದೆ. ಬ್ರೇಕ್ ಹಿಡಿಯಲು ಬರಲಿಲ್ಲ, ವರ್ಕ್‌ಶಾಪಿನ ಗೇಟು ದಾಟಿ ಕ್ಷೌರದಂಗಡಿಯವರೆಗೂ ಹೋಗಿ ನಿಂತೆ. ನಾನೇನು ಗೋಣಿಚೀಲ ಹೊರುವ ಕೆಲಸಕ್ಕೆ ಹೋಗುತ್ತೇನೆಯೇ? ಗಡಿಯಾರದ ಒಳಗೆ ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವವಳು. ನಮ್ಮ ಮೇಸ್ತ್ರಿಯ ಪದ್ಧತಿ ನಿಮಗೆ ಗೊತ್ತಲ್ಲ. ದಿನಾ ಬೆಳಿಗ್ಗೆ ಎಲ್ಲರೂ ಬಿಳಿ ಬಟ್ಟೆಯ ಮೇಲೆ ಅಂಗೈ ಚಾಚಿ ಹಿಡಿಯಬೇಕು. ಕೈ ನಡುಗಿದರೆ ಅವತ್ತು ಸ್ಪ್ರಿಂಗಿನ ತಟ್ಟೆ ಇಲ್ಲ, ಬೆಲ್ಟು ಪೋಣಿಸುವ ಕೆಲಸ. ಒಂದೇ ತಿಂಗಳಲ್ಲಿ ಮೂರು ಸಲ ನಡುಗಿದರೆ ಕಿಟಕಿ ಪಕ್ಕದ ಜಾಗ ಬೇರೆಯವರಿಗೆ. ಆ ಜಾಗಕ್ಕೆ ನಾನು ಹನ್ನೊಂದು ವರ್ಷ ಕಾದಿದ್ದೇನೆ. ಹೊಸ ವರ್ಷ ಹುಟ್ಟಿದ ನಾಲ್ಕನೇ ದಿನವೇ ಒಂದು ಸಲ ನಡುಗಿತು. ಆಮೇಲೆ ದಿನಾ ಬೇಗ ಹೊರಟು, ಇಪ್ಪತ್ತು ನಿಮಿಷ ಕಾವಲುಗಾರನ ಚಹಾ ಕೆಟಲಿಗೆ ಕೈ ಅಂಟಿಸಿ ಕೂತು, ಆಮೇಲೆ ಒಳಗೆ ಹೋಗತೊಡಗಿದೆ. ನೀವು ಉಳಿಸಿಕೊಟ್ಟದ್ದು ನಾಲ್ಕು ನಿಮಿಷ, ನಾನು ಕಳೆದದ್ದು ಇಪ್ಪತ್ತು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅನ್ನುವ ಗಾದೆಯನ್ನು ನಿಮ್ಮನ್ನು ನೋಡಿಯೇ ಮಾಡಿರಬೇಕು. ನೋವು ಮಾತ್ರ ನನ್ನ ಪಾಲಿಗೆ.

ಮಂಗಳವಾರದ್ದು ಕೇಳಿ. ಬೇಸಿಗೆಯಲ್ಲಿ ಗಾಳಿ ಎದುರಿನಿಂದ ಬರುತ್ತಿತ್ತು. ಈಗ ಬರುವುದು ಕಾಲುವೆಯ ಕಡೆಯಿಂದ, ಪಕ್ಕಕ್ಕೆ. ನಿಮ್ಮ ಮೀನಿನ ಬಾಲಕ್ಕೆ ಅದು ಗೊತ್ತಿಲ್ಲ. ಪಂಪ್‌ಹೌಸ್ ದಾಟುತ್ತಿದ್ದಂತೆ ಗಾಳಿ ಆ ತಗಡಿಗೆ ದೋಣಿಯ ಹಾಯಿಗೆ ಬಡಿದ ಹಾಗೆ ಬಡಿದು ನನ್ನನ್ನೂ ಸೈಕಲ್ಲನ್ನೂ ಎತ್ತಿ ಬೇಲಿಗೆ ಎಸೆಯಿತು. ಮಂಡಿ ತರಚಿತು. ಅದಕ್ಕೆ ಅಳಲಿಲ್ಲ. ಎದ್ದು, ಮುಳ್ಳು ಕಿತ್ತುಕೊಂಡು, ಹೇಗೋ ಹೋಗಿ ಬಿಳಿ ಬಟ್ಟೆಯ ಮೇಲೆ ಕೈ ಚಾಚಿದೆ ನೋಡಿ, ಎಲೆ ಅಲುಗಿದ ಹಾಗೆ ಅಲುಗಿತು. ಎರಡನೇ ಸಲ. ಮೇಸ್ತ್ರಿ ಬೆಲ್ಟಿನ ಬುಟ್ಟಿ ಕಡೆ ಕಣ್ಣು ಮಾಡಿದ. ಆಗ ಅತ್ತುಬಿಟ್ಟೆ, ಅಷ್ಟು ಜನರ ಮುಂದೆ. ಮರುದಿನ ಮಂಡಿ ಊದಿ ಮನೆಯಲ್ಲೇ ಕೂತಿದ್ದಾಗ ನಿಮ್ಮ ಪತ್ರ ಬಂತು: ಹ್ಯಾಂಡಲ್ ಇನ್ನೊಂದು ಇಂಚು ಇಳಿಸು! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೋಡಿದ್ದೇನೆ, ಮೊಲವನ್ನೇ ನೋಡದೆ ಅಂಚೆಯಲ್ಲಿ ಕಾಲು ಎಣಿಸುವವರನ್ನು ನೋಡಿರಲಿಲ್ಲ.

ಪತ್ರವನ್ನು ಮಡಚಿಟ್ಟು ಸ್ಪ್ಯಾನರ್ ತೆಗೆದುಕೊಂಡೆ. ಹೌದು, ಮಾತು ಮುರಿದೆ. ಬಾಲ ಕಿತ್ತೆ, ಈಗ ಅದರಲ್ಲಿ ಅತ್ತೆ ಉಣ್ಣೆಯುಂಡೆ ಇಟ್ಟುಕೊಂಡಿದ್ದಾರೆ. ಹ್ಯಾಂಡಲ್ ಎರಡು ಬೆರಳು ಎತ್ತರಿಸಿದೆ. ಬೆನ್ನಿಗೆ ಕೆಸರು ಎರಚುವುದು ಸಾಕಾಗಿ ಮಡ್‌ಗಾರ್ಡ್ ಹಾಕಿದೆ. ಪ್ಲಾಸ್ಟಿಕ್ ಹಾಳೆಯನ್ನು ಉಳಿಸಿಕೊಂಡಿದ್ದೇನೆ, ಅದು ಒಳ್ಳೆಯದೇ, ಒಳ್ಳೆಯದನ್ನು ಒಳ್ಳೆಯದು ಅನ್ನುತ್ತೇನೆ. ಅದರ ಎರಡೂ ಅಂಚಿಗೆ ದಪ್ಪ ಉಣ್ಣೆಬಟ್ಟೆಯ ಕೊಳವೆ ಹೊಲಿದು, ಹ್ಯಾಂಡಲಿಗೆ ಬಿಗಿದು ಕಟ್ಟಿದೆ. ಅಗಲವಾದ ಬಾಯಿ ನನ್ನ ಕಡೆಗೆ, ಕಿರಿದಾದದ್ದು ಗಾಳಿಯ ಕಡೆಗೆ. ಒಳಗೆ ಕೈ ತೂರಿಸಿದರೆ ಬ್ರೇಕು, ಬೆಲ್ಲು ಎಲ್ಲ ಬರಿಬೆರಳಿಗೆ ಸಿಗುತ್ತವೆ. ಗುರುವಾರ ಮಂಡಿ ಉರಿಯುತ್ತಿದ್ದರೂ ಹೋದೆ. ಕೆಟಲಿನ ಕಡೆ ತಿರುಗಿಯೂ ನೋಡದೆ ನೇರ ಒಳಗೆ ಹೋಗಿ ಕೈ ಚಾಚಿದೆ. ಮೇಸ್ತ್ರಿ ಕನ್ನಡಕ ಏರಿಸಿ ಎರಡು ಸಲ ನೋಡಿ, “ಏನಮ್ಮಾ, ಇವತ್ತು ಯಾರ ಕೈ ಎರವಲು ತಂದಿದ್ದೀಯ?” ಅಂದ. ತಟ್ಟೆ ಕೊಟ್ಟ. ಕಿಟಕಿ ಇನ್ನೂ ನನ್ನದೇ.

ನಿನ್ನೆ ಅತ್ತೆ ಶಾಲು ಹೊದ್ದು, ಸೊಂಟ ಹಿಡಿದುಕೊಂಡು, ವರ್ಕ್‌ಶಾಪಿನ ಗೇಟಿನಲ್ಲೇ ನಿಮ್ಮ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. ಅವರನ್ನು ಅಲ್ಲಿ ಬಿಟ್ಟದ್ದು ಹಾಲಿನ ಗಾಡಿಯವರು. ಮನೆಯಿಂದ ಹೊರಡುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ಮೂವತ್ತು ನಿಮಿಷ. ನಿಮಗಿಂತ ಒಂದೇ ಒಂದು ನಿಮಿಷ ಹೆಚ್ಚು! “ಅವನಿಗೆ ಬರಿ, ಆ ಒಂದು ನಿಮಿಷ ಅವನೇ ಇಟ್ಕೊಳ್ಳಲಿ” ಅಂದರು. ಬರೆದಿದ್ದೇನೆ.

ಊಟ ಹೊತ್ತಿಗೆ ಸರಿಯಾಗಿ ಮಾಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಇನ್ನೂ ಕೆಲವು ಮಾತು ಹೇಳಿದರು, ಅವನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ಇಷ್ಟು ಬೈದರೂ ಸಿಟ್ಟು ಇಳಿದಿಲ್ಲ.

ಇಂತಿ,
ಕಿಟಕಿ ಪಕ್ಕದಲ್ಲಿ ಕೂರುವ ನಿಮ್ಮ ಹೆಂಡತಿ

ವಿ.ಸೂ.: ಸೋಮವಾರ ಬೆಳಿಗ್ಗೆ. ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಉಣ್ಣೆಬಟ್ಟೆ ಎಲ್ಲಿಂದ ಬಂತೆಂದು ಹೇಳಲಿಲ್ಲ. ಅದು ನಿಮ್ಮ ಕಂದು ಕೋಟು. ಎರಡೂ ತೋಳು ಕತ್ತರಿಸಿದ್ದೇನೆ, ಉಳಿದದ್ದು ಬಾಗಿಲ ಹಿಂದೆ ತೂಗುಹಾಕಿದ್ದೇನೆ. ದಿನಾ ಬೆಳಿಗ್ಗೆ ನಿಮ್ಮ ತೋಳಿನೊಳಗೆ ಕೈಯಿಟ್ಟುಕೊಂಡು ಹೋಗುತ್ತೇನೆ, ಪಂಪ್‌ಹೌಸಿನವರೆಗೂ ನಿಮ್ಮನ್ನು ಬೈಯುತ್ತೇನೆ, ಅಷ್ಟರಲ್ಲಿ ಕೈ ಬೆಚ್ಚಗಾಗಿರುತ್ತದೆ, ಅಲ್ಲಿಂದಾಚೆ ಬೈಯಲು ಆಗುವುದಿಲ್ಲ. ನನ್ನ ನಾಲ್ಕು ನಿಮಿಷಕ್ಕಾಗಿ ಇಪ್ಪತ್ತು ದಿನ ಅಳೆದವರು ನನ್ನ ಆರು ತಿಂಗಳನ್ನು ಅಂಚಿನಲ್ಲಿ ಒಂದು ಸಾಲು ಬರೆದು ಕೊಟ್ಟುಬಿಡುತ್ತೀರಾ? ಸಹಿ ಹಾಕಬೇಡಿ. ಫೆಬ್ರವರಿ ಕೊನೆಗೆ ಬರುತ್ತೇನೆಂದು ಹೋದವರು ಫೆಬ್ರವರಿ ಕೊನೆಗೇ ಬನ್ನಿ. ಇಲ್ಲಿ ಆಗಲೂ ಚಳಿ ಇರುತ್ತದೆ, ನಿಮ್ಮ ಕೋಟಿಗೆ ತೋಳಿರುವುದಿಲ್ಲ. ಬೇಕಿದ್ದರೆ ನೀವೇ ಬಂದು ಹ್ಯಾಂಡಲಿನಿಂದ ಬಿಚ್ಚಿಕೊಳ್ಳಿ.