ಉಪ್ಪು ನಿವಾಳಿಸುತ್ತಿದ್ದ ಬೂಬಮ್ಮನಿಗೆ

ಬೂಬಮ್ಮಾ,

ನೀನೀಗ ಎಲ್ಲಿ ಕೂತಿದ್ದೀಯೋ ಅಲ್ಲಿಗೇ ನಿನ್ನ ಬೋಂಡಾ ರಾಜಪ್ಪನ ಸಲಾಮು. ನನಗೆ ಬರೆದು ಅಭ್ಯಾಸವಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಾನು ಮೇಷ್ಟರನ್ನು ಬಿಟ್ಟೆನೋ, ಮೇಷ್ಟರೇ ನನ್ನನ್ನು ಬಿಟ್ಟರೋ, ಇವತ್ತಿಗೂ ತೀರ್ಮಾನವಾಗಿಲ್ಲ. ನಿನಗೋ ಓದಲು ಬರುತ್ತಿರಲಿಲ್ಲ. ಬರೆಯಲು ಬಾರದವನು ಓದಲು ಬಾರದವಳಿಗೆ ಕಾಗದ ಬರೆಯುತ್ತಿದ್ದಾನೆ. ಇದಕ್ಕಾದರೂ ಒಂದು ಸಲ ನಗು.

ನಿನ್ನನ್ನು ಮಣ್ಣು ಮಾಡಿದ ದಿನ ಖಬರಸ್ತಾನದ ಗೇಟಿನ ಹತ್ತಿರ ಯಾರೋ ಬೀಬೀಜಾನ್, ಬೀಬೀಜಾನ್ ಅನ್ನುತ್ತಿದ್ದರು. ಇದ್ಯಾರಪ್ಪಾ, ಇವತ್ತೇ ಇನ್ನೊಬ್ಬರೂ ಹೋದರಾ ಅಂದುಕೊಂಡೆ. ನಿನ್ನ ಹೆಸರಂತೆ ಅದು. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹೊರಗೆ ಅಷ್ಟು ವರ್ಷ ಅಕ್ಕಪಕ್ಕ ಕೂತಿದ್ದೆವು. ನನ್ನ ಬೋಂಡಾ ಗಾಡಿ, ಅದರ ನೆರಳಲ್ಲಿ ನಿನ್ನ ನಿಂಬೆಹಣ್ಣು, ಕರಿಬೇವಿನ ಚೀಲ. ಹೆಸರು ಕೇಳಬೇಕು ಅಂತ ಒಂದು ದಿನವೂ ಹೊಳೆಯಲಿಲ್ಲ ನೋಡು. ಸಾಬರ ಮನೆಯ ಅಜ್ಜಿಯರೆಲ್ಲ ನಮಗೆ ಬೂಬಮ್ಮಂದಿರೇ. ಆಮೇಲೆ ನಿನಗೆ ಇನ್ನೊಂದು ಹೆಸರಿಟ್ಟರಲ್ಲ, ಪುಡಿ ಊದೋ ಮುದುಕಿ ಅಂತ. ಅದನ್ನು ಮಾತ್ರ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯವರು ಬೇಗ ಕಲಿತರು.

ಬೆಳಿಗ್ಗೆ ಒಲೆ ಹಚ್ಚುತ್ತಲೇ ನಮ್ಮ ಜಗಳ ಶುರುವಾಗುತ್ತಿತ್ತು. ನನ್ನ ಬೋಂಡಾ ತಿಂದು ಹೊಟ್ಟೆ ಕೆಟ್ಟರೆ ಪಕ್ಕದಲ್ಲೇ ನಿಂಬೆಹಣ್ಣಿದೆ, ಹೆದರಬೇಡಿ ಅಂತ ನಾನು ಗಿರಾಕಿಗಳನ್ನು ಕೂಗುತ್ತಿದ್ದೆ. ನೀನು ತಲೆ ಎತ್ತದೆ, "ನಿನ್ ಎಣ್ಣೆಗಿಂತ ಮೊದ್ಲು ನಿನ್ ಬಾಯಿ ಕಾಯ್ತದಲ್ಲೋ ರಾಜಪ್ಪಾ" ಅನ್ನುತ್ತಿದ್ದೆ. ಇಡೀ ಬಸ್ಸು ನಗುತ್ತಿತ್ತು. ನಗಿಸುವುದು ನನಗೆ ಉಸಿರಾಟದ ಹಾಗೆ. ಕೆಮ್ಮಣ್ಣುಗುಂಡಿಯಲ್ಲಿ ಹಿಮ ಬಿದ್ದಿದೆ ಅಂತ ಹೇಳಿ ಕಾಲೇಜು ಹುಡುಗರಿಗೆ ಬೇಸಿಗೆಯಲ್ಲಿ ಸ್ವೆಟರ್ ಹಾಕಿಸಿ ಕಳಿಸಿದವನಲ್ಲವೇ ನಾನು? ಆ ನಗುವಿಗೆ ಒಂದು ದಿನ ಇಂಥ ಬೆಲೆ ತೆರಬೇಕಾಗುತ್ತದೆ ಅಂತ...

ಕೂಸು ಎತ್ತಿಕೊಂಡು ಬರುತ್ತಿದ್ದ ತಾಯಂದಿರ ಮುಖಗಳು ನೆನಪಾಗುತ್ತವೆ. ಮಠಕ್ಕೆ ನಡೆದುಕೊಳ್ಳುವ ನಮ್ಮ ಮನೆಗಳವರು, ಕೇರಿಯವರು, ನಿಮ್ಮವರು, ಎಲ್ಲರೂ ಬರುತ್ತಿದ್ದರು. ಹಾಲು ಕುಡಿಯುತ್ತಿಲ್ಲ, ರಾತ್ರಿಯೆಲ್ಲ ಅಳುತ್ತೆ, ದೃಷ್ಟಿಯಾಗಿರಬೇಕು ಅನ್ನುತ್ತಿದ್ದರು. ನೀನು ಹಿಂದಕ್ಕೂ ನೋಡದೆ ನನ್ನ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದೆ. ಮುಷ್ಟಿ ಬಿಗಿಹಿಡಿದು ಮಗುವಿನ ತಲೆಯ ಸುತ್ತ ನಿವಾಳಿಸಿ, ಏನೋ ಗುಣುಗುಣು ಅಂದು, ಥೂ ಥೂ ಥೂ ಅಂತ ಬಾಯಲ್ಲೇ ಉಗುಳಿ, ಉಪ್ಪನ್ನು ನನ್ನ ಒಲೆಗೆ ಹಾಕುತ್ತಿದ್ದೆ. ಅದು ಚಟಚಟ ಅನ್ನುತ್ತಿತ್ತು. ನೋಡು ಎಷ್ಟು ಕಣ್ಣು ಬಿದ್ದಿದ್ದವು ಅಂತ ಹೇಳಿ, ಮಗುವಿನ ಕೆನ್ನೆ ಸವರಿ ನಿನ್ನ ಕಪಾಲಕ್ಕೆ ಬೆರಳೊತ್ತಿ ನೆಟಿಗೆ ಮುರಿಯುತ್ತಿದ್ದೆ. ದೃಷ್ಟಿ ಹೋಗುತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು. ತಾಯಿಯ ಮುಖದ ಗಾಬರಿಯಂತೂ ಹೋಗುತ್ತಿತ್ತು.

ಶಿವನಿಯ ಲತಾ ಬಸ್ಸಿಳಿದ ಮಧ್ಯಾಹ್ನವೂ ಹಾಗೇ ಆಯಿತು. ಮಗು ಕಿರುಚುತ್ತಿತ್ತು. ನಿನ್ನ ಕೈಗೆ ಕೊಟ್ಟು, ಬೂಬಮ್ಮಾ ಒಂಚೂರು ತೆಗೀರಿ ಅಂದವಳೇ ನನ್ನ ಗಾಡಿಯ ಈ ಕಡೆಗೆ ಬಂದು ನೀರು ಕೇಳಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ ಅನ್ನಿಸುತ್ತದೆ, ಒಂದು ಬೋಂಡಾ ಕೊಟ್ಟೆ. ಅಷ್ಟರಲ್ಲಿ ನಿಂತಿದ್ದ ಬಸ್ಸಿನ ಕಿಟಕಿಯಿಂದ ಯಾರೋ ಫೋನಿನಲ್ಲಿ ನಿನ್ನನ್ನು ಹಿಡಿದರು. ಹಿಡಿದವರು ಯಾರು? ಯಾಕೆ ಹಿಡಿದರು? ತಮಾಷೆಗೋ ಏನೋ. ಅದು ಕೊನೆಗೂ ಗೊತ್ತಾಗಲಿಲ್ಲ.

ಆ ವಿಡಿಯೋ ಮೊದಲು ನೋಡಿದ್ದು ನಮ್ಮ ಮನೆಯಲ್ಲಿ. ನನ್ನ ಹೆಂಡತಿ ಗಿರಿಜಾಳ ಫೋನಿಗೆ ಬಂದಿತ್ತು. ಹೆದರಿಸುವ ಮ್ಯೂಸಿಕ್ ಹಾಕಿದ್ದರು. ಒಂದು ಗಂಡು ಧ್ವನಿ ಹೇಳುತ್ತಿತ್ತು: ಈ ಜನದ ಹೆಂಗಸರ ಗ್ಯಾಂಗ್ ಒಂದು ಬಂದಿದೆ, ಮುಷ್ಟಿಯಲ್ಲಿ ಪುಡಿ ಇಟ್ಟುಕೊಂಡು ಮಕ್ಕಳ ಮುಖಕ್ಕೆ ಊದುತ್ತಾರೆ, ಎಚ್ಚರ ತಪ್ಪಿಸಿ ಎತ್ತಿಕೊಂಡು ಹೋಗುತ್ತಾರೆ, ಎಲ್ಲ ಗ್ರೂಪಿಗೂ ಕಳಿಸಿ ಮಕ್ಕಳನ್ನು ಉಳಿಸಿ. ಲತಾ ಅದರಲ್ಲಿ ಇಲ್ಲ. ನೀನು ಉಪ್ಪನ್ನು ಒಲೆಗೆ ಹಾಕುವುದೂ ಇಲ್ಲ. ಬರೀ ನೀನು, ನಿನ್ನ ಮುಷ್ಟಿ, ಅಳುವ ಮಗು, ಆ ಥೂ ಥೂ. ಎಡಗಡೆ ಮೂಲೆಯಲ್ಲಿ ಎಣ್ಣೆ ಹಚ್ಚಿಕೊಂಡ ಅರ್ಧ ಮೊಣಕೈ ಇತ್ತು. ಅದು ನನ್ನದು.

ಗಿರಿಜಾ ಆಗ ಮಾಡಿದ್ದನ್ನು ನಿನಗೆ ಹೇಳಲೇಬೇಕು. ಫೋನು ಕೆಳಗಿಟ್ಟು ಒಳಗೆ ಓಡಿದಳು. ಒಂದು ಹಿಡಿ ಉಪ್ಪು ತಂದು, ಚಾಪೆಯ ಮೇಲೆ ಆಡುತ್ತಿದ್ದ ಮೊಮ್ಮಗಳ ತಲೆಗೆ ನಿವಾಳಿಸಿ, ಥೂ ಥೂ ಥೂ ಅಂದು, ಒಲೆಗೆ ಹಾಕಿ ನೆಟಿಗೆ ಮುರಿದಳು. ಇಂಥವರ ಕಣ್ಣು ನಮ್ಮ ಕೂಸಿನ ಮೇಲೆ ಬೀಳದಿರಲಿ ಅಂದಳು. ನಾನು ನಗುತ್ತೇನೆ ಅಂದುಕೊಂಡೆ, ನಗು ಬರಲಿಲ್ಲ.

"ಈಗ ನೀನ್ ಮಾಡಿದ್ದೇನೇ?" ಅಂದೆ.

"ದೃಷ್ಟಿ ತೆಗ್ದೆ."

"ಆ ವಿಡಿಯೋದಾಗೆ ಬೂಬಮ್ಮ ಮಾಡ್ತಿರೋದು?"

ಅವಳು ಇನ್ನೊಂದು ಸಲ ನೋಡಿದಳು. ನಿನ್ನ ಮುಖ ಗುರುತು ಸಿಕ್ಕಿತು, ಬಾಯಿ ತೆರೆದಳು. ಆದರೂ ಅಂದಳು, "ಅದು ಬೇರೆ ಕಣ್ರೀ. ಸುಮ್ಸುಮ್ನೆ ಯಾರಾದ್ರೂ ಹಂಗೆ ಕಳಿಸ್ತಾರಾ?"

ನಮ್ಮ ಸೊಸೆ ಬಾಣಂತಿಯಾಗಿದ್ದಾಗ ಇದೇ ಮೊಮ್ಮಗಳನ್ನು ನಿನ್ನ ಮಡಿಲಿಗೆ ಹಾಕಿದವಳು ಇದೇ ಗಿರಿಜಾ. ಅವಳ ಕೈಯಲ್ಲಿದ್ದರೆ ಉಪ್ಪು, ನಿನ್ನ ಕೈಯಲ್ಲಿದ್ದರೆ ಪುಡಿ. ಇಷ್ಟು ವರ್ಷ ನೋಡಿದ್ದನ್ನು ಫೋನಿನ ಆ ಸಣ್ಣ ಗಾಜು ಒಂದೇ ಗಳಿಗೆಯಲ್ಲಿ ಹೇಗೆ ಅಳಿಸಿತು, ನೀನೇ ಹೇಳು?

ಮಾರನೇ ದಿನ ಗಾಡಿಯ ಮುಂದೆ ಬಸ್ ಏಜೆಂಟ್ ಮಂಜ ಅದೇ ವಿಡಿಯೋ ಎಲ್ಲರಿಗೂ ತೋರಿಸುತ್ತಿದ್ದ. ನಾನು ಬಾಣಲೆ ಇಳಿಸಿ ಹೇಳಿದೆ: ಇದು ಇಲ್ಲೇ ತೆಗೆದದ್ದು, ಉಪ್ಪು ನನ್ನ ಡಬ್ಬಿಯದು, ಮಗುವಿನ ತಾಯಿ ನನ್ನ ಪಕ್ಕದಲ್ಲೇ ನಿಂತಿದ್ದಳು, ಈ ಮೊಣಕೈ ನೋಡಿ, ನನ್ನದೇ. ಮೊಣಕೈ ಎತ್ತಿ ಫೋನಿನ ಪಕ್ಕ ಹಿಡಿದೂ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೆಮ್ಮಣ್ಣುಗುಂಡೀಲಿ ಹಿಮ ಬಿತ್ತಲ್ಲ, ಇದೂ ಹಂಗೇನಾ ರಾಜಣ್ಣ?" ಅಂದ ಮಂಜ. ನಾನು ಆಣೆ ಹಾಕಿದೆ. ಇನ್ನೂ ನಕ್ಕರು. ಎಷ್ಟು ಸುಳ್ಳು ಹೇಳಿದ್ದೆ ಬೂಬಮ್ಮಾ, ಎಲ್ಲವನ್ನೂ ನಂಬಿದ್ದರು. ಒಂದು ನಿಜ ಹೇಳಿದೆ, ತಮಾಷೆ ಅಂದರು. ಅವತ್ತು ನನ್ನ ಬೋಂಡಾ ಚೆನ್ನಾಗಿ ಖರ್ಚಾಯಿತು.

ತರೀಕೆರೆ ಸಂತೆಗೆ ನೀನು ನಿಂಬೆಹಣ್ಣು ತರಲು ಹೋದದ್ದು ಅದೇ ವಾರ. ಹೋಗಬೇಡ ಅಂದೆ. ಸಂತೆಯವರಿಗೆ ನಾನು ಗೊತ್ತಿಲ್ಲದವಳೇನೋ ಅಂದೆ ನೀನು. ಅಲ್ಲಿ ಆದದ್ದನ್ನು ನಿನ್ನ ಮಗಳು ಶಮೀನಾ ಹೇಳಿದ್ದು. ಅಳುತ್ತಿದ್ದ ಯಾವುದೋ ಮಗುವನ್ನು ನೋಡಿ ನೀನು ನಕ್ಕೆಯಂತೆ. ಅಷ್ಟೇ. ಜನ ಸುತ್ತುವರಿದರು, ಚೀಲ ಕಿತ್ತುಕೊಂಡು ಸುರಿದರು, ಪುಡಿ ಎಲ್ಲಿ ಅಂತ ಕೇಳಿದರು. ನಿಂಬೆಹಣ್ಣುಗಳು ಉರುಳಿಹೋದವು. ಪೊಲೀಸಿನವರೊಬ್ಬರು ಬಂದು ನಿನ್ನನ್ನು ಬಿಡಿಸಿ ಜೀಪಿನಲ್ಲಿ ಕೂರಿಸಿ ಮನೆಗೆ ಕಳಿಸಿದರಂತೆ, ಪುಣ್ಯಾತ್ಮರು. ಆ ಜೀಪು ಹತ್ತುವುದನ್ನೂ ಯಾರೋ ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ಎರಡನೇ ವಿಡಿಯೋ ಬಂತು: ಮಕ್ಕಳ ಕಳ್ಳಿ ಸಿಕ್ಕಿಬಿದ್ದಳು. ನಿನ್ನನ್ನು ಉಳಿಸಿದ ಜೀಪೇ ನಿನ್ನ ಮೇಲೆ ಸಾಕ್ಷಿಯಾಯಿತು. ಇದು ಸುಳ್ಳು, ನಂಬಬೇಡಿ ಅಂತ ಪೊಲೀಸಿನವರು ಹೊರಡಿಸಿದ ಚೀಟಿಯನ್ನು ನಾನೂ ಗ್ರೂಪಿಗೆ ಹಾಕಿಸಿದೆ. ಅದರಲ್ಲಿ ಮ್ಯೂಸಿಕ್ ಇರಲಿಲ್ಲವಲ್ಲ, ಯಾರೂ ಮುಂದಕ್ಕೆ ಕಳಿಸಲಿಲ್ಲ.

ಸಂತೆಯಾದ ಮೂರನೇ ದಿನ ನಿನ್ನ ಮನೆಗೆ ಬಂದಿದ್ದೆ. ನೀನು ಬಾಗಿಲ ಹಿಂದೆ ಗೋಡೆಗೆ ಒರಗಿ ಕೂತಿದ್ದೆ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದೆ.

"ನನ್ ಮುಖ ಹಂಗಾ ಕಾಣ್ತದೆ ರಾಜಪ್ಪಾ?"

ಒಂದು ಕೆಟ್ಟ ಕಣ್ಣು ಬಿದ್ದರೂ ಕೂಸು ಹಾಲು ಬಿಡುತ್ತೆ ಅನ್ನುತ್ತಿದ್ದವಳು ನೀನು. ನಿನ್ನ ಮೇಲೆ ಊರೂರಿನ ಕಣ್ಣು ಬಿದ್ದಿತ್ತು. ಅದನ್ನು ತೆಗೆಯುವಷ್ಟು ಉಪ್ಪು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಲತಾಳನ್ನು ಹುಡುಕಿಕೊಂಡು ಶಿವನಿಗೆ ಹೋದದ್ದನ್ನು ನಿನಗೆ ಹೇಳಲೇ ಇಲ್ಲ. ಅವಳೊಬ್ಬಳು ಬಾಯಿ ಬಿಟ್ಟು ನಾನೇ ಮಗು ಕೊಟ್ಟೆ ಅಂದರೆ ಸಾಕು, ನಿನ್ನ ಹೆಸರು ಉಳಿಯುತ್ತದೆ ಅಂತ ನನ್ನ ಲೆಕ್ಕ. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ. ಮಗು ಗುಂಡುಗುಂಡಾಗಿ ಅಂಗಳದಲ್ಲಿ ಆಡುತ್ತಿತ್ತು. ಲತಾ ಟೀ ಕೊಟ್ಟಳು, ಅತ್ತೆ ಒಳಗಿದ್ದಾರೆ ಅಂತ ಸಣ್ಣಗೆ ಮಾತಾಡಿದಳು. ನಾನು ಕೇಳಿದ್ದಕ್ಕೆ ಮೊದಲು ಅಂಗಳದಿಂದ ಮಗುವನ್ನು ಎತ್ತಿ ತಂದು ಮಡಿಲಿಗೆ ಹಾಕಿಕೊಂಡಳು. ಆಮೇಲೆ, "ಅಣ್ಣಾ, ಅವತ್ತು ಅವ್ರ ಕೈಲಿದ್ದಿದ್ದು ಉಪ್ಪೇನಾ?" ಅಂದಳು.

ಉಪ್ಪು ಹೋದದ್ದು ನನ್ನ ಡಬ್ಬಿಯಿಂದ, ಕಣ್ಣಾರೆ ನೋಡಿದ್ದೇನೆ ಅಂದೆ.

"ನೋಡಿರ್ತೀರ. ಅದ್ರ ಜತೆ ಬೇರೆ ಏನೂ ಇರ್ಲಿಲ್ಲ ಅಂತ ಹೆಂಗ್ ಹೇಳ್ತೀರ? ಮಾರನೇ ದಿನ ಇವ್ನಿಗೆ ಮೈ ಬಿಸಿ ಇತ್ತು."

ನಂಬಿಕೆಯಿಂದ ಮಗು ಕೊಟ್ಟವಳೇ ಹೀಗಂದಳು ಬೂಬಮ್ಮಾ. ಕೆಟ್ಟವಳಲ್ಲ, ಪಾಪ. ದಿನಾ ಬೆಳಿಗ್ಗೆ ಸಂಜೆ ಅದೇ ವಿಡಿಯೋ ನೋಡಿ ನೋಡಿ, ಕೊನೆಗೆ ತನ್ನ ಕಣ್ಣನ್ನೇ ನಂಬದ ಹಾಗೆ ಆಗಿದ್ದಳು. ಮೊಣಕೈ ತೋರಿಸಿದರೆ ಮಂಜ ನಗುತ್ತಾನೆ, ಡಬ್ಬಿ ತೋರಿಸಿದರೆ ಲತಾ ಅನುಮಾನಪಡುತ್ತಾಳೆ. ಇನ್ನು ಏನು ತೋರಿಸಲಿ? ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ಏನಾದರೂ ಹೇಳು ರಾಜಣ್ಣ, ನಗ್ತೀವಿ ಅಂದ. ಕಿಟಕಿ ಕಡೆ ತಿರುಗಿ ಕೂತೆ.

ನೀನು ಮತ್ತೆ ಗಾಡಿಯ ಪಕ್ಕ ಬಂದು ಕೂತ ದಿನ ನನಗೆಷ್ಟು ಖುಷಿಯಾಗಿತ್ತು ಗೊತ್ತಾ? ಖುಷಿ ಮಧ್ಯಾಹ್ನದವರೆಗೆ ಇತ್ತು. ಮಗು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿರ ಬಂದಳು, ಕರಿಬೇವು ಕೊಳ್ಳಲು. ಮಗು ನಿನ್ನ ಕಡೆ ಕೈಚಾಚಿತು. ನೀನು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡು ಕಂಕುಳಲ್ಲಿ ಅವುಚಿಕೊಂಡೆ. ಕರಿಬೇವನ್ನು ಅವಳೇ ತೆಗೆದುಕೊಂಡು ಹೋದಳು. ಆಮೇಲೆ ನೀನು ಕೈ ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ. ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ... ಡಾಕ್ಟರು ಎದೆಯಲ್ಲಿ ನೀರು ತುಂಬಿತ್ತು ಅಂದರಂತೆ. ಇರಬಹುದು. ವಯಸ್ಸೂ ಆಗಿತ್ತು. ನಾನು ಡಾಕ್ಟರಿಗೆ ಎದುರು ಹೇಳುವವನಲ್ಲ.

ನೀನು ಕೇಳದೇ ಹೋದ ಸುದ್ದಿಗೆ ಬರುತ್ತೇನೆ. ಮೊನ್ನೆ ಮಧ್ಯಾಹ್ನ ಲತಾ ಬಂದಿದ್ದಳು. ಮಗ ಊಟ ಬಿಟ್ಟಿದ್ದಾನೆ, ಬೂಬಮ್ಮ ಎಲ್ಲಿ ಅಂದಳು. ಮನಸ್ಸು ತಡೆಯಲಿಲ್ಲ, ಏನಾದರಾಗಲಿ ಅಂತ ಬಂದೆ ಅಂದಳು. ನೀನು ಹೋದದ್ದು ಹೇಳಿದೆ. ಗಾಡಿ ಹಿಡಿದುಕೊಂಡು ನಿಂತೇ ಅತ್ತಳು. ನಾನು ಏನೂ ಕೇಳಲಿಲ್ಲ, ಅವಳೇ ಫೋನು ತೆಗೆದು, ಆ ವಿಡಿಯೋದಲ್ಲಿರುವುದು ನನ್ನ ಮಗ, ದೃಷ್ಟಿ ತೆಗೆಯಿರಿ ಅಂತ ನಾನೇ ಕೊಟ್ಟಿದ್ದೆ, ಆ ಅಜ್ಜಿ ಏನೂ ಮಾಡಲಿಲ್ಲ ಅಂತ ಮಾತಾಡಿ ನನಗೆ ಕಳಿಸಿದಳು. ನಾನು ಎಲ್ಲ ಗ್ರೂಪಿಗೂ ಹಾಕಿದೆ. ಒಬ್ಬರು ಹೂವಿನ ಚಿತ್ರ ಹಾಕಿ ಶುಭೋದಯ ಅಂದರು. ಸಂಜೆ ಅಲ್ಲೇ ಮತ್ತೆ ನಿನ್ನ ವಿಡಿಯೋ ಬಂತು, ಈ ಸಲ ಯಾವುದೋ ದೂರದ ಊರಿನ ಹೆಸರು ಹಾಕಿಕೊಂಡು. ಕಡೂರು ದಾಟದ ನೀನು ಈಗ ನಾನು ಕೇಳದ ಊರುಗಳಲ್ಲೆಲ್ಲ ಮಕ್ಕಳನ್ನು ಕದಿಯುತ್ತಿದ್ದೀಯಂತೆ.

ನಿನ್ನೆ ಕಡೂರಿನ ಹುಡುಗನೊಬ್ಬ ಬೋಂಡಾ ತಿನ್ನುತ್ತಾ ಅದನ್ನೇ ನೋಡುತ್ತಿದ್ದ. ಬಾಣಲೆ ಇಳಿಸಿ ಲತಾಳ ಮಾತು ಕೇಳಿಸಿದೆ. ನಗಿಸಲಿಲ್ಲ, ಆಣೆ ಹಾಕಲಿಲ್ಲ, ಸುಮ್ಮನೆ ನಿಂತೆ. ಅವನು ಕೊನೆಯವರೆಗೂ ಕೇಳಿದ. ಪಾಪ ಅಂದ. ನನ್ನೆದುರೇ ವಿಡಿಯೋ ಅಳಿಸಿದ. ಆಮೇಲೆ ಕೈ ಒರೆಸಿಕೊಳ್ಳುತ್ತಾ, "ಇದೊಂದು ಸುಳ್ಳು, ಸರಿ ಅಣ್ಣ. ಮಿಕ್ಕಿದ್ದೆಲ್ಲ ನಿಜಾನೇ ಇರ್ಬೇಕಲ್ವಾ?" ಅಂದ.

ಮಿಕ್ಕಿದ್ದು ಅಂದರೆ ಯಾವ ಊರಿನ ಯಾವ ಅಜ್ಜಿಯೋ, ನನಗೇನು ಗೊತ್ತು? ಅವರ ಪಕ್ಕದಲ್ಲಿ ನಾನು ಕೂತಿರಲಿಲ್ಲ. ಅದನ್ನೇ ಅವನಿಗೆ ಹೇಳಿದೆ: ನನಗೆ ಗೊತ್ತಿಲ್ಲಪ್ಪ, ನಿನಗೂ ಗೊತ್ತಿಲ್ಲ. ಅವನಿಗೆ ಆ ಜವಾಬು ರುಚಿಸಲಿಲ್ಲ. ಬಸ್ಸು ಬಂತು, ಹೋದ.

ಇಷ್ಟೇ ಸುದ್ದಿ ಬೂಬಮ್ಮಾ. ಕಡೂರಿನ ಒಂದು ಫೋನಿನಿಂದ ನೀನು ಇಳಿದಿದ್ದೀಯ. ಎಲ್ಲದರಿಂದಲೂ ಇಳಿಸುತ್ತೇನೆ ಅಂತ ಮಾತು ಕೊಡುವ ಧೈರ್ಯ ನನಗಿಲ್ಲ, ಕೊಟ್ಟರೂ ನೀನು ನಂಬುವವಳಲ್ಲ. ನನ್ನ ಗಾಡಿಯ ಮುಂದೆ ಬಂದು ನಿಂತವರ ಫೋನಿನಿಂದ ಇಳಿಸುತ್ತೇನೆ. ಒಬ್ಬೊಬ್ಬರನ್ನೇ ನಿಲ್ಲಿಸಿ. ನಗದೆ.

ನಿನ್ನ
ರಾಜಪ್ಪ