ನಲವತ್ತು ಅಡಿಯ ಕಂಬ

ಮಾವ,

ಹಿರಿಯರಿಗೆ ಕಾಗದ ಬರೆಯುವಾಗ ಮೊದಲು ಕ್ಷೇಮ ಸಮಾಚಾರ ತಿಳಿಸಬೇಕು, ಆಮೇಲೆ ವಿಷಯಕ್ಕೆ ಬರಬೇಕು ಎಂದು ಕಲಿಸಿದವರು ನೀವೇ. ಆದರೆ ನಮ್ಮ ನಿಮ್ಮ ಮನೆಗಳ ನಡುವೆ ಇರುವುದು ನಾಲ್ಕೇ ಬಾಗಿಲು. ನಿಮ್ಮ ಕೆಮ್ಮು ನನಗೆ ಕೇಳಿಸುತ್ತದೆ, ನನ್ನ ಕುಕ್ಕರಿನ ಸೀಟಿ ನಿಮಗೆ ಕೇಳಿಸುತ್ತದೆ. ಕ್ಷೇಮವೆಂದು ಬೇರೆ ಬರೆಯಬೇಕೆ? ಇಷ್ಟು ಹತ್ತಿರ ಇದ್ದುಕೊಂಡು ಕಾಗದ ಬರೆಯುವ ಗತಿ ತಂದವರೂ ನೀವೇ. ನಾಲ್ಕು ದಿನದಿಂದ ನಿಮ್ಮ ಬಾಗಿಲು ತಟ್ಟಿ ತಟ್ಟಿ ನನ್ನ ಬೆರಳಿನ ಗೆಣ್ಣು ನೋಯುತ್ತಿದೆ. ತಟ್ಟಿದಾಗಲೆಲ್ಲ ಒಳಗೆ ರೇಡಿಯೋ ಸದ್ದು ಜಾಸ್ತಿಯಾಗುತ್ತದೆಯೇ ಹೊರತು ಚಿಲಕ ತೆಗೆಯುವುದಿಲ್ಲ. ಪಾಪ ಅತ್ತೆ ಅಡುಗೆಮನೆ ಕಿಟಕಿಯಲ್ಲಿ ಮುಖ ತೋರಿಸಿ, "ಇವತ್ತೂ ಬೇಡವಂತೆ, ಹೋಗು ಮಗಳೇ" ಅನ್ನುತ್ತಾರೆ. ಇದನ್ನು ಅವರ ಕೈಗೇ ಕೊಡುತ್ತೇನೆ. ಓದದೆ ಹರಿದು ಹಾಕಿದರೆ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದೇನೆ, ಅದನ್ನು ಕಿಟಕಿಯ ಹೊರಗೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಓದುತ್ತೇನೆ.

ಶನಿವಾರದ ವಿಚಾರಣೆಯಲ್ಲಿ ಏನಾಯಿತೆಂದು ನಿಮಗೆ ಯಾರೋ ಅರ್ಧಂಬರ್ಧ ಹೇಳಿದ್ದಾರೆ. ಪೂರ್ತಿ ಕೇಳಿ. ಕೆರೆಯ ಅಧಿಕಾರಿ ಹೇಳಿದ್ದು ಇಷ್ಟು: ಕೆರೆಯನ್ನು ಅದರ ಹಳೆಯ ದಡದವರೆಗೆ ಮತ್ತೆ ಅಗೆದು ನೀರು ತುಂಬಿಸುತ್ತಾರೆ. ನಮ್ಮ ಇನ್ನೂರ ಹನ್ನೆರಡು ಮನೆಗಳೂ ಆ ದಡದ ಒಳಗೆ ಇವೆ. ಕಾರ್ಖಾನೆ ನಡೆಯುತ್ತಿದ್ದಾಗ ಕಾರ್ಖಾನೆಯವರೇ ಕೆರೆ ಮುಚ್ಚಿ ನಮ್ಮನ್ನು ಅಲ್ಲಿ ಕೂರಿಸಿದ್ದು ನಿಜವಾದರೆ ನಮಗೆ ಬೇರೆ ಮನೆ ಕಟ್ಟಿಕೊಡುವ ತನಕ ಯಾರೂ ನಮ್ಮನ್ನು ಮುಟ್ಟುವಂತಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ನಾವೇ ಕೆರೆ ಮುಚ್ಚಿಕೊಂಡು ಕಟ್ಟಿದ್ದಾದರೆ ಅದು ಒತ್ತುವರಿ, ಮೂರು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು. ಕಾರ್ಖಾನೆಯವರು ಏನನ್ನುತ್ತಾರೆ ಅಂತ ಊಹಿಸಲು ದೊಡ್ಡ ಬುದ್ಧಿ ಬೇಡ. ಅವರ ವಕೀಲ ಎದ್ದು, ಹಳೆಯ ಕಡತಗಳೆಲ್ಲ ಗೋದಾಮಿನಲ್ಲಿ ನೆನೆದು ಹಾಳಾದವು, ನೀರಿನ ಅಳತೆಯವು ಮಾತ್ರ ಉಳಿದಿವೆ ಎಂದ. ಮೇಜಿನ ಮೇಲೆ ನಿಮ್ಮ ಪುಸ್ತಕಗಳನ್ನು ಇಟ್ಟ. ಕಪ್ಪು ರಟ್ಟಿನವು, ಮೂವತ್ತೊಂದು. ವರ್ಷಕ್ಕೊಂದು.

ನಿಮ್ಮ ಪುಸ್ತಕದ ಮೂಲಕ ನಮ್ಮನ್ನು ಎಬ್ಬಿಸುತ್ತಾರೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಈ ಜಾಗದ ಇತಿಹಾಸ ನಮಗೆ ತಿಳಿಯದ್ದೇ? ಮೊದಲು ಇಲ್ಲಿ ಇದ್ದದ್ದು ಕೆರೆ, ಕೆರೆಯ ಈಚೆ ಒಂದು ಕುಲುಮೆ. ಕುಲುಮೆ ಮೊದಲು ಬಂತು, ರಸ್ತೆ ಆಮೇಲೆ ಬಂತು, ಶಾಲೆ ಅದಕ್ಕೂ ಆಮೇಲೆ. ಕಬ್ಬಿಣ ಕರಗಿಸಿ ತೆಗೆದ ಮೇಲೆ ಉಳಿಯುವ ಕಿಟ್ಟವನ್ನು ಎಲ್ಲಿಗೆ ಹಾಕುವುದು? ಹಳಿಯ ಮೇಲೆ ತೊಟ್ಟಿಗಾಡಿ ತಳ್ಳಿಕೊಂಡು ಹೋಗಿ ಕೆರೆಗೇ ಸುರಿದರು. ಕೆಂಪಗೆ ಉರಿಯುವ ಕಿಟ್ಟ ನೀರಿಗೆ ಬೀಳುವಾಗ ಏಳುತ್ತಿದ್ದ ಆ ಬುಸುಗುಡುವ ಸದ್ದಿಲ್ಲದೆ ನನಗೆ ಬಾಲ್ಯವೇ ನೆನಪಾಗುವುದಿಲ್ಲ. ಅದು ಆರಿ ಗಟ್ಟಿಯಾದ ಕಡೆ ಕೆಲಸಗಾರರು ಮನೆ ಕಟ್ಟಿಕೊಂಡರು. "ಕಟ್ಕೊಳ್ಳಿ, ಯಾರು ಕೇಳ್ತಾರೆ" ಅಂದದ್ದು ಮ್ಯಾನೇಜರೇ. ಇಟ್ಟಿಗೆ ಕಾರ್ಖಾನೆಯದು, ತಗಡು ಕಾರ್ಖಾನೆಯದು, ದೀಪ ಕಾರ್ಖಾನೆಯದು, ನಲ್ಲಿ ನೀರು ಕಾರ್ಖಾನೆಯದು. ಹಾಗಾಗಿ ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ಕುಲುಮೆ ಒಂದು ದಿನ ಆರುತ್ತದೆ ಎಂದು ಯಾರು ಎಣಿಸಿದ್ದರು?

ಮೊದಲ ಸಾಲಿನಲ್ಲಿ ನಮ್ಮಿಬ್ಬರ ಮನೆ. ಅಮ್ಮ ಹಿತ್ತಲಲ್ಲಿ ಕೂತು ಕೆರೆಗೇ ಪಾತ್ರೆ ಅದ್ದಿ ತೊಳೆಯುತ್ತಿದ್ದಳಂತೆ. ನಾನು ಶಾಲೆ ಮುಗಿಸುವ ಹೊತ್ತಿಗೆ ಕೆರೆ ನೋಡಬೇಕೆಂದರೆ ಐದು ಬೀದಿ ದಾಟಿ ಹೋಗಬೇಕಿತ್ತು. ಅದರ ನಡುವೆ ಎಷ್ಟು ಜನ ಬಂದು ಸೇರಿದರು, ಕ್ರೇನಿನವರು, ತಂತಿ ಎಳೆಯುವವರು, ಅಚ್ಚು ಹೊಯ್ಯುವವರು. ಒಂದೊಂದು ಮನೆಯ ಮಾತು ಒಂದೊಂದು ಥರ. ಗೋಡೆಗೆ ಮೊಳೆ ಹೊಡೆಯಬಹುದು, ನೆಲಕ್ಕೆ ಗುದ್ದಲಿ ಹೊಡೆಯಲಾಗದು, ಅಂಥ ಜಾಗ. ಒಂದು ಗಿಡ ನೆಡಲು ಹೋಗಿ ಅಪ್ಪ ಎರಡು ಗುದ್ದಲಿ ಮುರಿದರು. ಆದರೂ ಯಾರೂ ಇಲ್ಲಿಂದ ಕಾಲು ಕೀಳಲಿಲ್ಲ. ಅಂಥ ನೆಲದ ಮೇಲೇ ಮದುವೆಯಾದರು, ಹೆತ್ತರು, ಸತ್ತರು.

ಈ ಎಲ್ಲದರ ಮಧ್ಯೆ ನಿಮ್ಮ ಕಂಬ. ಪಂಪ್‌ಹೌಸಿನ ಕೆಲಸ ನಿಮ್ಮದು. ಕೆರೆಯಲ್ಲಿ ನೀರು ಎಷ್ಟಿದೆ ಎಂದು ದಿನಾ ಬೆಳಿಗ್ಗೆ ನೋಡಿ ಬರೆಯಬೇಕು. ಅಳತೆಗಂಬ ದಡದಿಂದ ನಲವತ್ತು ಅಡಿ ದೂರ ಇರಬೇಕು ಎಂಬುದು ಕಾರ್ಖಾನೆಯ ನಿಯಮ. ಕಿಟ್ಟ ಸುರಿದು ದಡ ಮುಂದೆ ಬಂದಾಗಲೆಲ್ಲ ನೀವು ಕಂಬ ಕಿತ್ತು, ತೆಪ್ಪದ ಮೇಲೆ ಹಾಕಿಕೊಂಡು, ಇನ್ನೂ ಒಳಗೆ ನೆಟ್ಟಿರಿ. ಗಂಟು ಹಾಕಿದ ಹಗ್ಗ ಹಿಡಿದು ಹೊಸ ದಡದಿಂದ ಮತ್ತೆ ನಲವತ್ತು ಅಡಿ ಅಳೆದಿರಿ. ಬಿಸಿಲುಗಾಲದಲ್ಲಿ ನಡೆಯುತ್ತಿದ್ದ ಆ ಕೆಲಸ ನೋಡಲು ಬೀದಿಯೆಲ್ಲ ನೆರೆಯುತ್ತಿತ್ತು. ನೀವು ದಡದ ಬಳಿ ಸೊಂಟದವರೆಗೆ ನೀರಲ್ಲಿ ನಿಂತು, "ಎಡಕ್ಕೆ ಬಿಡ್ರೋ, ನಿಮ್ಮ ಎಡ ಅಲ್ಲ, ನನ್ನ ಎಡ" ಎಂದು ಕೂಗುತ್ತಿದ್ದಿರಿ. ಅಮ್ಮ ದಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, "ಅಣ್ಣ ಕಂಬ ಮುಂದೆ ಇಟ್ಟಷ್ಟೂ ನಮ್ಮ ಮನೆ ಹಿಂದೆ ಹೋಗುತ್ತೆ ಕಣೇ" ಎಂದು ನಗುತ್ತಿದ್ದಳು.

ಇಷ್ಟೆಲ್ಲ ಆಗಿ ನೀವು ಪುಸ್ತಕದಲ್ಲಿ ಏನು ಬರೆದಿರಿ? ದಡದಿಂದ ಕಂಬಕ್ಕೆ ನಲವತ್ತು ಅಡಿ. ಮರುದಿನವೂ ನಲವತ್ತು ಅಡಿ. ಮೂವತ್ತೊಂದು ವರ್ಷ, ದಿನಾ, ನಲವತ್ತು ಅಡಿ. ಕಂಬ ಸರಿಸಿದೆವು ಎಂಬ ಒಂದು ಸಾಲು ಇಲ್ಲ. ಅದಕ್ಕೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ, ಅಲ್ಲವೇ? ನಿಮ್ಮನ್ನು ನಾನು ಬಲ್ಲೆ. ಕಾಲಮ್ಮಿನ ಹೊರಗೆ ಒಂದು ಚುಕ್ಕೆ ಇಡುವವರಲ್ಲ ನೀವು. ವಕೀಲ ಅದನ್ನೇ ಎತ್ತಿ ಹಿಡಿದ. "ನೋಡಿ ಸ್ವಾಮಿ, ಕಾರ್ಖಾನೆ ಇದ್ದಷ್ಟು ದಿನ ದಡ ಒಂದಡಿಯೂ ಕದಲಿಲ್ಲ. ಅಂದ್ಮೇಲೆ ಕೆರೆ ಮುಚ್ಚಿದ್ದು ಯಾರು?" ಎಂದ. ಕ್ರೇನ್ ಮಾಸ್ತರು ಎದ್ದು, ಕಂಬ ಹೊತ್ತ ಹೆಗಲು ಇದೇ ಎಂದು ಅಂಗಿ ಸರಿಸಿ ತೋರಿಸಿದರು. "ನಿಮಗೆ ಉಳಿಸ್ಕೊಳ್ಳೋಕೆ ಮನೆ ಇದೆ, ಯಜಮಾನ್ರೇ. ಪುಸ್ತಕಕ್ಕೆ ಮನೆ ಇಲ್ಲ" ಎಂದು ವಕೀಲ ಅವರನ್ನು ಕೂರಿಸಿದ. ಮಾಸ್ತರ ಕಣ್ಣಲ್ಲಿ ನೀರು ಬಂತು. ಅಧಿಕಾರಿ ಕೆಟ್ಟವನೇನಲ್ಲ. "ಬರೆದವರು ಬಂದು ಬೇರೆ ಹೇಳಿದರೆ ಕೇಳ್ತೀನಿ" ಎಂದು ಗುರುವಾರಕ್ಕೆ ಮುಂದೂಡಿದ.

ಅವತ್ತೇ ಸಂಜೆ ಓಡಿ ಬಂದೆ. ನೀವು ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದಿರಿ. ಎಲ್ಲ ಕೇಳಿಸಿಕೊಂಡು, "ನನ್ನ ಪುಸ್ತಕ ಸುಳ್ಳು ಅಂತ ನನ್ನ ಬಾಯಿಂದಲೇ ಹೇಳಿಸ್ಬೇಕು ಅಂತ ಬಂದಿದೀಯಾ? ನಡಿಯೇ" ಅಂದಿರಿ. ನಾನು ನಡೆದೆ, ನೀವು ಚಿಲಕ ಹಾಕಿಕೊಂಡಿರಿ. ಇನ್ನೂರ ಹನ್ನೆರಡು ಮನೆ ಒಂದು ಕಡೆ, ನಿಮ್ಮ ದುಂಡಗಿನ ಅಕ್ಷರ ಒಂದು ಕಡೆ. ಆ ಇನ್ನೂರ ಹನ್ನೆರಡರಲ್ಲಿ ನೀವು ಚಿಲಕ ಹಾಕಿಕೊಂಡ ಮನೆಯೂ ಒಂದು ಎಂಬುದು ನಿಮ್ಮ ತಲೆಗೆ ಹೋಗುವುದೇ ಇಲ್ಲವೇ? ಅತ್ತೆ ಮೊನ್ನೆ ಕಿಟಕಿಯಲ್ಲಿ ನನ್ನ ಕೈ ಹಿಡಿದು, "ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು ಅಂತ ಕೇಳಿದ್ರೆ ಅವರು ಪೇಪರ್ ಓದ್ತಾರೆ" ಅಂದರು. ನನಗೆ ಅಳು ಬರಲಿಲ್ಲ, ನಿಮ್ಮ ಪೇಪರ್ ಕಿತ್ತು ಬಿಸಾಕಬೇಕು ಎನಿಸಿತು.

ಈಗ ನಿಮಗೆ ಯಾರೂ ಹೇಳದ ಒಂದು ಸಂಗತಿ ಹೇಳಬೇಕು. ಹೇಳದೆ ಇಷ್ಟು ಹೊತ್ತು ನಿಮ್ಮನ್ನೇ ಬೈದುಕೊಂಡು ಬಂದೆ. ವಿಚಾರಣೆಯಲ್ಲಿ ವಕೀಲ ಪುಸ್ತಕ ಇಟ್ಟ ತಕ್ಷಣ, ಇದು ಯಾರ ಕೈಬರಹ, ಯಾರಿಗಾದರೂ ಗೊತ್ತಾ ಎಂದು ಕೇಳಿದ. ನಾನು ಹಿಂದುಮುಂದು ನೋಡದೆ ಎದ್ದು ನಿಂತೆ. ಎಷ್ಟೋ ವರ್ಷದ ಮೇಲೆ ಆ ಅಕ್ಷರ ಕಂಡು ನನಗೆ ಎದೆ ತುಂಬಿ ಬಂದಿತ್ತು. ಆ ಪುಸ್ತಕದ ಅಂಕಿಗಳ ಮೇಲೆ ಬೆರಳಿಟ್ಟೇ ಅಲ್ಲವೇ ನಾನು ಎಣಿಸಲು ಕಲಿತದ್ದು? "ನಮ್ಮ ಮಾವನ ಅಕ್ಷರ. ಅದರಲ್ಲಿ ಒಂದು ಸುಳ್ಳು ಸಿಗಲ್ಲ ನಿಮಗೆ" ಎಂದು ಹೆಮ್ಮೆಯಿಂದ ಹೇಳಿದೆ. ಗುಮಾಸ್ತ ಅದನ್ನು ಬರೆದುಕೊಂಡ. ವಕೀಲ ನನಗೆ ಥ್ಯಾಂಕ್ಸ್ ಹೇಳಿ ನಲವತ್ತು ಅಡಿಯ ಕಾಲಂ ತೆರೆದ. ಇಡೀ ಬೀದಿ ನನ್ನ ಮುಖ ನೋಡಿತು. ನಮ್ಮ ಮನೆಗಳಿಗೆ ಬೀಗ ಹಾಕಿದವಳು ನಾನೇ, ಮಾವ. ನನ್ನ ಬಾಯಿ ನನ್ನನ್ನು ಎಂದಾದರೂ ಕೆಡಿಸುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ನನ್ನೊಬ್ಬಳನ್ನೇ ಕೆಡಿಸಿದ್ದರೆ ತೊಂದರೆಯಿರಲಿಲ್ಲ.

ಆಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಪುಸ್ತಕಗಳ ನಕಲು ಕೇಳಿ ತೆಗೆದುಕೊಂಡೆ. ಇಪ್ಪತ್ತಾರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು, ತಪ್ಪು ಹುಡುಕುವುದೇ ನನ್ನ ಕಸುಬು. ರಜೆ ಹಾಕಿ ಮೂರು ದಿನ ಕೂತೆ. ನಲವತ್ತರ ಕಾಲಂ ಬಿಟ್ಟು ಅದರ ಪಕ್ಕದ ಕಾಲಂ ಓದಿದೆ, ಕಂಬದ ಬುಡದಲ್ಲಿ ನೀರಿನ ಆಳ. ಒಂದು ಬಿಸಿಲುಗಾಲ, ಮಳೆಯ ಕಾಲಮ್ಮಿನಲ್ಲಿ ತಿಂಗಳಿಂದ ಸೊನ್ನೆ, ಸೋಮವಾರ ಆರಡಿ ನೀರು. ಮಂಗಳವಾರ ಬೆಳಿಗ್ಗೆ ಒಂಬತ್ತಡಿ. ಒಂದು ಹನಿ ಬೀಳದೆ ರಾತ್ರಿ ಕಳೆಯುವುದರೊಳಗೆ ಮೂರಡಿ ನೀರು ಎಲ್ಲಿಂದ ಬಂತು? ಅಂಥವು ಹನ್ನೊಂದು ಕಡೆ ಸಿಕ್ಕವು. ಹನ್ನೊಂದೂ ಬಿಸಿಲುಗಾಲದಲ್ಲಿ, ಹನ್ನೊಂದೂ ಮಳೆಯಿಲ್ಲದ ದಿನ. ನೀವು ಕಂಬ ಇನ್ನೂ ಆಳದ ಕಡೆಗೆ ಸರಿಸಿದ ದಿನಗಳು ಅವು. ಕೆರೆ ವರ್ಷ ವರ್ಷ ಚಿಕ್ಕದಾಗುತ್ತಾ ಹೋಯಿತು, ನಿಮ್ಮ ಪುಸ್ತಕದಲ್ಲಿ ಆಳವಾಗುತ್ತಾ ಹೋಯಿತು. ನೋಡಿದವರು ನಗುತ್ತಾರೆಂದು ನೀವು ಆ ಅಂಕಿಗಳನ್ನು ಒಂದಿಷ್ಟು ಸವರಿ ಸರಿಮಾಡಬಹುದಿತ್ತು. ಮಾಡಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿರಿ. ಅದನ್ನು ನೋಡಿದಾಗ ನನಗೆ ಅಳು ಬಂತು.

ಇನ್ನೇನು, ಕೆಲಸ ಆಯಿತಲ್ಲ ಎಂದು ಕ್ರೇನ್ ಮಾಸ್ತರ ಹತ್ತಿರ ಓಡಿದೆ. ಅವರು ಎಲ್ಲ ನೋಡಿ ತಲೆ ಕೆರೆದುಕೊಂಡರು. "ಬರೆದವರು ಬಾಯಿ ಬಿಡದೆ ಇದು ನಿಲ್ಲಲ್ಲಮ್ಮ. ಮುದುಕ ಕುಡಿದು ಬಂದು ಬರ್ದಿರ್ತಾನೆ ಅಂತಾನೆ ಆ ವಕೀಲ" ಅಂದರು. ನೋಡಿಕೊಳ್ಳಿ, ನೀವು ಬರದಿದ್ದರೆ ಹೀಗಾಗುತ್ತದೆ. ನಲವತ್ತರ ಕಾಲಂ ನಂಬುವವರು ಆಳದ ಕಾಲಮ್ಮಿಗೆ ನಿಮ್ಮನ್ನು ಕುಡುಕ ಮಾಡುತ್ತಾರೆ. ಆಳದ ಕಾಲಂ ನಂಬುವವರು ನಲವತ್ತರ ಕಾಲಮ್ಮಿಗೆ ನಿಮ್ಮನ್ನು ಸುಳ್ಳುಗಾರ ಮಾಡುತ್ತಾರೆ. ಎರಡೂ ನಿಜ ಎಂದು ಹೇಳಬಲ್ಲ ಮನುಷ್ಯ ಪ್ರಪಂಚದಲ್ಲಿ ಒಬ್ಬರೇ ಇದ್ದಾರೆ, ಅವರು ಒಳಗೆ ರೇಡಿಯೋ ಹಾಕಿಕೊಂಡು ಕೂತಿದ್ದಾರೆ. ನೀವು ಬಂದು ಹೇಳಬೇಕಾದದ್ದು ಎಷ್ಟು? ಹನ್ನೊಂದು ಸಲ ಕಂಬ ಕಿತ್ತು ಮುಂದೆ ನೆಟ್ಟೆ, ಪ್ರತಿ ಸಲ ಹೊಸ ದಡದಿಂದ ಅಳೆದೆ. ಅಷ್ಟೇ. ನಿಮ್ಮ ಪುಸ್ತಕದಲ್ಲಿ ಸುಳ್ಳು ಇಲ್ಲ, ಹನ್ನೊಂದು ಸಾಲು ಕಮ್ಮಿ ಇವೆ.

ನಾಳೆ ಗುರುವಾರ ಹತ್ತು ಗಂಟೆಗೆ ಕ್ರೇನ್ ಮಾಸ್ತರು ಗಾಡಿ ತರುತ್ತಾರೆ. ನಮ್ಮ ಬೀದಿಯ ತುದಿಯಲ್ಲಿ ನಿಲ್ಲಿಸುತ್ತಾರೆ, ಹಾರ್ನ್ ಹೊಡೆಯುವುದಿಲ್ಲ, ಯಾರೂ ಬಂದು ಕೈ ಹಿಡಿದು ಎಳೆಯುವುದಿಲ್ಲ. ಹತ್ತೂವರೆಯ ತನಕ ಕಾಯುತ್ತಾರೆ. ಅಷ್ಟರಲ್ಲಿ ನೀವು ಬರದಿದ್ದರೆ ಗಾಡಿ ಹೊರಡುತ್ತದೆ. ಆಮೇಲೆ ವಿಚಾರಣೆಯಲ್ಲಿ ನಾನು ಎದ್ದು ನಿಲ್ಲುತ್ತೇನೆ. ಮೊನ್ನೆ ನಾನು ಆಡಿದ ಮಾತು ತಪ್ಪು ಎನ್ನುತ್ತೇನೆ. ನಮ್ಮ ಮಾವನ ಪುಸ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ, ಅವರು ಬರೆಯಬೇಕಾದದ್ದನ್ನು ಬರೆಯದೆ ಬಿಟ್ಟಿದ್ದಾರೆ ಎಂದು ಇಡೀ ಬೀದಿಯ ಎದುರು ಹೇಳುತ್ತೇನೆ. ಗುಮಾಸ್ತ ಅದನ್ನೂ ಬರೆದುಕೊಳ್ಳಲಿ. ಒಂದೊಂದು ಅಕ್ಷರ ಹೇಳುವಾಗಲೂ ನನ್ನ ನಾಲಿಗೆ ಸುಡುತ್ತದೆ, ಆದರೆ ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ನೀವು ನನ್ನನ್ನು ನಿಮ್ಮ ಹೊಸ್ತಿಲು ಹತ್ತಿಸುವುದಿಲ್ಲ, ಗೊತ್ತು. ಹತ್ತಿಸಬೇಡಿ. ಆದರೆ ನನ್ನನ್ನು ಹತ್ತಿಸದೆ ಇರಲು ನಿಮಗೊಂದು ಹೊಸ್ತಿಲಾದರೂ ಇರಬೇಕಲ್ಲ, ಮಾವ.

ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ಅತ್ತೆಯ ಮೇಲೆ ರೇಗಬೇಡಿ. ನಿಮ್ಮ ಕಣ್ಣು, ಕೈ, ನಿಮ್ಮ ಹಟ ಎಲ್ಲವೂ ಇನ್ನೂ ಬಹುಕಾಲ ಗಟ್ಟಿಯಾಗಿರಲಿ.

ಸಿಟ್ಟಿನಲ್ಲೇ ಕೈ ಮುಗಿಯುವ,
ನಿಮ್ಮ ತಂಗಿಯ ಮಗಳು