ಫೋಟೋದ ಕೆಳಗಿನ ಹೆಸರು

ಡೆಟ್ರಾಯಿಟ್, ಭಾನುವಾರ

ನಜ್ಮಿ ಚಿಕ್ಕಪ್ಪನವರಿಗೆ ವರ್ನೀಟಾ ಬರೆಯುವುದು.

ಅಮ್ಮಾನಿನ ಹೋಟೆಲಿನಲ್ಲಿ ಊಟ ಸೇರುತ್ತಿದೆಯೇ?

ಪ್ಯಾಲೆಸ್ತೀನಿಗೆ ದಾಟುವ ಗಡಿಯ ಸೇತುವೆಯಲ್ಲಿ ಸೈನಿಕರು ನಿಮಗೆ ತೋರಿಸಿ ವಾಪಸು ಕಳಿಸಿದ ಆ ಫೋಟೋ ನಾನು ಕೆಲಸ ಮಾಡುವ ದಾಖಲೆ ಸಂಗ್ರಹದ್ದೇ. ಕಾರು ಕಾರ್ಖಾನೆಯ ಗೇಟಿನ ಮುಂದೆ ನೀವೂ ನನ್ನಪ್ಪನೂ ಪ್ಯಾಲೆಸ್ತೀನಿನ ಬಿಡುಗಡೆಯ ಬ್ಯಾನರ್ ಹಿಡಿದು ನಗುತ್ತಿರುವುದು. ಅದನ್ನು ಅಂತರ್ಜಾಲಕ್ಕೆ ಏರಿಸಿದವಳು ನಾನು.

"ನನ್ನ ಹೆಸರು ಹಾಕ್ಬೇಡ ಕಣವ್ವಾ, ನಂಗಿನ್ನೂ ಅಕ್ಕನ ಮನೇಗೆ ಹೋಗೋದಿದೆ. ನಿನ್ನಪ್ಪಂದು ಹಾಕು, ಸತ್ತ ಮೇಲೂ ಮೆರೀಲಿ ಬಡ್ಡಿಮಗ" ಅಂದಿದ್ದಿರಿ. ನಾನು ನಕ್ಕು, ಎರಡೂ ಹಾಕಿದೆ. ನಮ್ಮ ಕಪ್ಪು ಜನರ ಹಿರಿಯರ ಹಳೆಯ ಫೋಟೋಗಳ ಕೆಳಗೆ "ಯಾರೋ ಕರಿಯ" ಎಂದಷ್ಟೇ ಇರುತ್ತದೆ. ಹಾಗಾಗಿ ಹೆಸರು ಬರೆಯುವುದೇ ಗೌರವವೆಂದು ಕಲಿತವಳು ನಾನು. ಹೆಸರೇ ಉರುಳಾಗುವವರೂ ಇದ್ದಾರೆಂದು ನೀವು ಹೇಳಿದರೂ ತಲೆಗೆ ಹೋಗಲಿಲ್ಲ.

ಈಗ ನಿಮ್ಮ ಹೆಸರು ಅಳಿಸಿದ್ದೇನೆ. ಅದರಿಂದ ನಿಮಗೇನೂ ಉಪಯೋಗವಿಲ್ಲ, ಗೊತ್ತು.

ನಿಮ್ಮನ್ನು ಹಿಂದಕ್ಕೆ ಕಳಿಸುವಾಗ ಕೊಟ್ಟ ಕಾಗದದ ಪ್ರತಿ ಬೇಕು, ವಕೀಲರು ಕೇಳುತ್ತಿದ್ದಾರೆ. ಮಂಡಿಯ ಮಾತ್ರೆ ಮುಗಿದಿದ್ದರೆ ತಿಳಿಸಿ.

ಸೇತುವೆಯಾಚೆ ಜೆನೀನಿನಲ್ಲಿ ಹಾಸಿಗೆ ಹಿಡಿದಿರುವ ನಿಮ್ಮಕ್ಕ, ಯಾಕೆ ಬರಲಿಲ್ಲವೆಂದು ಕೇಳಿಯೇ ಕೇಳುತ್ತಾರೆ. ಸೇತುವೆ ಮುಚ್ಚಿತ್ತು ಎಂದು ನನ್ನನ್ನು ಉಳಿಸಬೇಡಿ. ನನ್ನ ಹೆಸರು ಹೇಳಿ.

ನಿಮ್ಮ ಗೆಳೆಯನ ಮಗಳು,
ವರ್ನೀಟಾ